ಊರಿಗೆ ಬಂದ ಕರೆಂಟು ಕೇರಿಗೆ ಯಾವಾಗ ಬಂತು?

ನಮ್ಮದು ಮಳವಳ್ಳಿ ಸೀಮೆಯ ಒಂದು ಹಳ್ಳಿ. ಊರು ಬೇರೆ, ಕೇರಿ ಬೇರೆ. ಕೇರಿಯಿಂದ ಬೆಳಿಗ್ಗೆ ಹೊರಟು ನಡೆದರೆ ಮಧ್ಯಾಹ್ನದ ಹೊತ್ತಿಗೆ ಶಿವನಸಮುದ್ರ ಸಿಗುತ್ತದೆ. ನಾವು ಕೂಲಿ ಮಾಡುವ ಹೊಲಗಳ ಮೇಲೆ ಕಬ್ಬಿಣದ ದೊಡ್ಡ ಕಂಬಗಳ ಸಾಲು ಹೋಗುತ್ತದೆ. ಆ ಕಂಬದ ನೆರಳಲ್ಲೇ ನಮ್ಮಮ್ಮಂದಿರು ಮಕ್ಕಳನ್ನು ಮಲಗಿಸಿ ಕಳೆ ಕಿತ್ತರು. ಮೇಲೆ ತಂತಿ ಗುಂಯ್‌ಗುಟ್ಟುತ್ತಿತ್ತು. ಸಂಜೆ ಮನೆಗೆ ಬಂದರೆ ಸೀಮೆಎಣ್ಣೆ ಬುಡ್ಡಿ.

ನಮ್ಮಜ್ಜಿ ಸಾಯೋಕೆ ಮುಂಚೆ ಒಂದು ದಿನ ಕೇಳಿದಳು:

"ಈ ತಂತಿ ಯಾರ್ದು ಮಗಾ?"

"ಸರ್ಕಾರದ್ದು ಅಜ್ಜಿ."

"ಸರ್ಕಾರದ್ದಾದ್ರೆ ನಮ್ದೂ ಅಲ್ವಾ? ಮತ್ಯಾಕೆ ನಿಮ್ಮಪ್ಪ ಏಳ್ನೇ ಕ್ಲಾಸ್ಗಂಟ ಬುಡ್ಡೀಲೇ ಓದ್ದ?"

ಡಿಗ್ರಿ ಮುಗಿಸಿ ಬಂದಿದ್ದ ನಮಗೆ ಉತ್ತರ ಹೊಳೆಯಲಿಲ್ಲ. ಈ ಲೇಖನ ಆ ಪ್ರಶ್ನೆಯ ಸಾಲ ತೀರಿಸುವ ಒಂದು ಪ್ರಯತ್ನ.

ಇವತ್ತು ವಿದ್ಯುತ್ತು, ಟೆಲಿಫೋನುಗಳ ಬಗ್ಗೆ ಎರಡು ಕೂಗು ಕೇಳಿಸುತ್ತವೆ. ಸರ್ಕಾರ ಕಟ್ಟಿದ್ದೆಲ್ಲ ನಷ್ಟದ ಬಾಬತ್ತು, ಕಂಪನಿಗಳಿಗೆ ಕೊಟ್ಟುಬಿಡಿ ಎಂಬುದು ಒಂದು. ಜನರ ಆಸ್ತಿಯನ್ನು ಮಾರಬೇಡಿ ಎಂಬುದು ಇನ್ನೊಂದು. ಮಾರಬೇಡಿ ಎನ್ನುವ ಗೆಳೆಯರು ಕೆಲವು ಸಲ, ಅದೆಲ್ಲ ಮೊದಲಿನಿಂದಲೂ ಜನರ ಕೈಯಲ್ಲೇ ಇತ್ತು ಎಂಬಂತೆ ಮಾತಾಡುತ್ತಾರೆ. ಯಾವ ಜನ? ನಮ್ಮ ಕೇರಿಯ ಜನವಂತೂ ಅಲ್ಲ. ಆದರೂ ನಾವು ಮಾರಬೇಡಿ ಎನ್ನುವವರ ಜೊತೆಗೇ ನಿಲ್ಲುತ್ತೇವೆ. ಯಾಕೆ ಎಂದು ಹೇಳಬೇಕಾದರೆ ಚರಿತ್ರೆಯನ್ನು ಸ್ವಲ್ಪ ಕೆದಕಬೇಕು.

1

1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿ ಮುಟ್ಟಿತು. ದೂರ ಸುಮಾರು 92 ಮೈಲಿ. ಅಷ್ಟು ಉದ್ದದ ವಿದ್ಯುತ್ ಮಾರ್ಗ ಆ ಕಾಲಕ್ಕೆ ಜಗತ್ತಿನಲ್ಲೇ ಅಪರೂಪ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಕೈಗೆತ್ತಿಕೊಂಡ ಕೆಲಸ ಅದು. ಶಾಲೆಯ ಪುಸ್ತಕದಲ್ಲಿ ನಾವೂ ಇದನ್ನು ಹೆಮ್ಮೆಯಿಂದ ಬಾಯಿಪಾಠ ಮಾಡಿದ್ದೇವೆ.

ಆದರೆ ಪುಸ್ತಕ ಕೇಳದ ಪ್ರಶ್ನೆಗಳಿವೆ. ಹಣ ಹಾಕಿದವರು ಯಾರು? ಮೈಸೂರು ಸರ್ಕಾರ. ಆ ಸರ್ಕಾರದ ಬೊಕ್ಕಸ ತುಂಬಿದವರು ಯಾರು? ಕಂದಾಯ ಕಟ್ಟಿದ ರೈತ, ಅವನ ಹೊಲದಲ್ಲಿ ದುಡಿದ ಆಳು. ಮೊದಲ ಗಿರಾಕಿ ಯಾರು? ಜಾನ್ ಟೇಲರ್ ಅಂಡ್ ಸನ್ಸ್ ನಡೆಸುತ್ತಿದ್ದ ಬ್ರಿಟಿಷ್ ಗಣಿ ಕಂಪನಿಗಳು. ಆ ವಿದ್ಯುತ್ತು ಹೋದದ್ದು ಅದಿರು ಕುಟ್ಟುವ ಯಂತ್ರಕ್ಕೆ, ಆಳದಿಂದ ಅದಿರು ಎತ್ತುವ ಯಂತ್ರಕ್ಕೆ. ಸರ್ಕಾರಕ್ಕೆ ವಿದ್ಯುತ್ತಿನ ಹಣ ಬಂತು, ರಾಜಧನ ಬಂತು, ನಿಜ. ಚಿನ್ನ ಲಂಡನ್ನಿಗೆ ಹೋಯಿತು.

ಆ ಯಂತ್ರದ ಬುಡದಲ್ಲಿ, ಭೂಮಿಯ ಹೊಟ್ಟೆಯೊಳಗೆ ಕಲ್ಲು ಒಡೆದವರು ಯಾರು? ಉತ್ತರ ಆರ್ಕಾಟ್, ಚಿತ್ತೂರು ಕಡೆಗಳಿಂದ ಹಸಿವು ತಾಳದೆ ಬಂದ ನಮ್ಮ ಜನ. ಹೆಚ್ಚಿನವರು ಅಸ್ಪೃಶ್ಯರೆನಿಸಿಕೊಂಡವರು. ಕಲ್ಲು ಸಿಡಿದು ಸತ್ತವರು, ಗಣಿಯ ದೂಳು ಶ್ವಾಸಕೋಶಕ್ಕಿಳಿದು ಕೆಮ್ಮಿ ಕೆಮ್ಮಿ ಸತ್ತವರು. ಅದೇ ಜನ ಮಾರಿಕುಪ್ಪಂನಲ್ಲಿ ಅಯೋತಿದಾಸರ ಹಾದಿ ಹಿಡಿದು ಬೌದ್ಧ ಸಂಘ ಕಟ್ಟಿದರು ಎಂಬುದನ್ನೂ ನಾವು ಮರೆಯಬಾರದು.

ವಿದ್ಯುತ್ತು ಮುಂದೆ ಎಲ್ಲಿಗೆ ಹೋಯಿತು? 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿಗೆ. 1908ರಲ್ಲಿ ಮೈಸೂರಿನ ಅರಮನೆಗೆ. ಕಂಪನಿ, ನಗರ, ಅರಮನೆ. ಈ ಸಾಲಿನಲ್ಲಿ ಜಲಪಾತದ ಪಕ್ಕದ ಹಳ್ಳಿ ಇಲ್ಲ. ಹಳ್ಳಿಯ ಹೊರಗಿನ ಕೇರಿಯ ಮಾತು ದೂರವೇ ಉಳಿಯಿತು.

ಹಾಗಾದರೆ ಇದು ನಮಗೆ ಮೊದಲ ಪಾಠ: ಸರ್ಕಾರದ್ದೆಲ್ಲ ಸಾರ್ವಜನಿಕವಲ್ಲ. ಒಡೆತನದ ಪತ್ರದಲ್ಲಿ ಯಾರ ಹೆಸರಿದೆ ಎಂಬುದು ಅರ್ಧ ಪ್ರಶ್ನೆ. ತಂತಿ ಯಾರ ಮನೆ ಮುಂದೆ ನಿಲ್ಲುತ್ತದೆ, ಯಾರ ಮನೆ ದಾಟಿ ಹೋಗುತ್ತದೆ ಎಂಬುದು ಉಳಿದರ್ಧ.

2

ಈ ಎರಡೂ ಅರ್ಧಗಳನ್ನು ಸೇರಿಸಿ ನೋಡಿದವರು ಒಬ್ಬರಿದ್ದರು. ನಮ್ಮ ಗೋಡೆಯ ಮೇಲಿನ ಪಟದಲ್ಲಿ ಅವರ ಕೈಯಲ್ಲಿ ಪುಸ್ತಕವಿದೆ. ಆ ಕೈಯೇ ಈ ದೇಶದ ವಿದ್ಯುತ್ ನೀತಿಯ ಕಡತವನ್ನೂ ಹಿಡಿದಿತ್ತು ಎಂಬುದು ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲ.

1942ರಿಂದ 1946ರವರೆಗೆ ಬಾಬಾಸಾಹೇಬರು ವೈಸರಾಯ್ ಕಾರ್ಯಾಂಗ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದರು. ನೀರಾವರಿ ಮತ್ತು ವಿದ್ಯುತ್ತಿನ ಹೊಣೆಯೂ ಅವರದೇ. 1943ರ ಅಕ್ಟೋಬರ್‌ನಲ್ಲಿ ಯುದ್ಧಾನಂತರದ ಪುನರ್ನಿರ್ಮಾಣ ಕುರಿತ ಸಮಿತಿಯೊಂದರ ಮುಂದೆ ಅವರು ವಿದ್ಯುತ್ತಿನ ಬಗ್ಗೆ ಮಾತಾಡಿದರು. ವಿದ್ಯುತ್ತು ಖಾಸಗಿಯವರ ಕೈಯಲ್ಲಿರಬೇಕೋ ಸರ್ಕಾರದ ಕೈಯಲ್ಲಿರಬೇಕೋ ಎಂಬ ಪ್ರಶ್ನೆಯನ್ನು ಅಲ್ಲೇ ನೇರವಾಗಿ ಎತ್ತಿದರು. ಅಗ್ಗದ, ಯಥೇಚ್ಛವಾದ ವಿದ್ಯುತ್ತಿಲ್ಲದೆ ಕೈಗಾರಿಕೆ ಇಲ್ಲ, ಕೈಗಾರಿಕೆ ಇಲ್ಲದೆ ಈ ದೇಶದ ಬಡವರಿಗೆ ಬಡತನದ ಚಕ್ರದಿಂದ ಬಿಡುಗಡೆ ಇಲ್ಲ ಎಂಬುದು ಅವರ ವಾದದ ತಿರುಳು.

ಇದರ ಅರ್ಥ ಏನು? ಹಳ್ಳಿಯಲ್ಲಿ ನೆಲ ಇನ್ನೊಬ್ಬನದು. ನೆಲ ಇರುವವನ ಅಂಗಳದಲ್ಲಿ ಕೈಕಟ್ಟಿ ನಿಂತರೆ ಮಾತ್ರ ಗಂಜಿ. ಕಾರ್ಖಾನೆ ಎಂದರೆ ಆ ಅಂಗಳದಿಂದ ಹೊರಬರುವ ಒಂದು ಬಾಗಿಲು. ಬಾಬಾಸಾಹೇಬರಿಗೆ ವಿದ್ಯುತ್ತು ಬರೀ ಬಲ್ಬಲ್ಲ, ಬಿಟ್ಟಿ ಚಾಕರಿಯಿಂದ ತಪ್ಪಿಸಿಕೊಳ್ಳುವ ದಾರಿ.

1947ರಲ್ಲಿ ಪರಿಶಿಷ್ಟ ಜಾತಿಗಳ ಒಕ್ಕೂಟದ ಪರವಾಗಿ ಅವರು ಸಂವಿಧಾನ ಸಭೆಗೆ ಕೊಟ್ಟ 'ಸ್ಟೇಟ್ಸ್ ಅಂಡ್ ಮೈನಾರಿಟೀಸ್' ಮನವಿ ಇನ್ನೂ ಮುಂದೆ ಹೋಯಿತು. ಮುಖ್ಯ ಕೈಗಾರಿಕೆಗಳು ಸರ್ಕಾರದ ಒಡೆತನದಲ್ಲೇ ಇರಬೇಕು, ಸರ್ಕಾರವೇ ನಡೆಸಬೇಕು. ಬೇಸಾಯವೂ ಸರ್ಕಾರಿ ಉದ್ಯಮವಾಗಬೇಕು. ಇದನ್ನು ಸಂವಿಧಾನದಲ್ಲೇ ಬರೆಯಬೇಕು ಎಂದು ಕೇಳಿತು. ಇವತ್ತು ಗೆದ್ದ ಪಕ್ಷ ಮಾಡಿದ್ದನ್ನು ನಾಳೆ ಗೆದ್ದ ಪಕ್ಷ ಮಾರಬಾರದು ಎಂಬ ಮುಂದಾಲೋಚನೆ ಅದು. ಆ ಬೇಡಿಕೆಯನ್ನು ಸಂವಿಧಾನಕ್ಕೆ ಸೇರಿಸಲಿಲ್ಲ. ಸೇರಿಸಿದ್ದರೆ ಇವತ್ತು ಈ ಲೇಖನವೇ ಬೇಕಿರಲಿಲ್ಲ.

ಆದರೂ ಅವರ ಇಲಾಖೆಯಲ್ಲಿ ನಡೆದ ಕೆಲಸ ಪೂರ್ತಿ ಮಣ್ಣುಪಾಲಾಗಲಿಲ್ಲ. 1948ರಲ್ಲಿ ವಿದ್ಯುತ್ ಸರಬರಾಜು ಕಾಯ್ದೆ ಬಂತು. ರಾಜ್ಯ ರಾಜ್ಯಗಳಲ್ಲಿ ವಿದ್ಯುತ್ ಮಂಡಳಿಗಳನ್ನು ಕಟ್ಟಲು ದಾರಿಯಾಯಿತು. ನಮ್ಮ ರಾಜ್ಯದ ಮಂಡಳಿ 1957ರಲ್ಲಿ ಹುಟ್ಟಿತು. ಅದೇ ಮುಂದೆ ಎಲ್ಲರ ಬಾಯಲ್ಲೂ ಓಡಾಡಿದ ಕೆ.ಇ.ಬಿ.

3

ಕೆ.ಇ.ಬಿ. ದೊಡ್ಡ ಕೆಲಸ ಮಾಡಿತು. ಅದನ್ನು ಅಲ್ಲಗಳೆಯುವವರು ಹಳ್ಳಿ ನೋಡಿಲ್ಲ. ಲಾಭವಿಲ್ಲದ ಕಡೆಗೂ ಕಂಬ ನೆಟ್ಟಿತು. ಯಾವ ಕಂಪನಿ ತಾನೇ ಹತ್ತು ಗುಡಿಸಲಿಗಾಗಿ ಮೂರು ಮೈಲಿ ತಂತಿ ಎಳೆಯುತ್ತದೆ?

ಆದರೆ ಮಂಡಳಿ ನಡೆದದ್ದು ಜಾತಿಯ ನೆಲದ ಮೇಲೆ. ಮೊದಲು ಲೆಕ್ಕದ ಮೋಸ ನೋಡಿ. 1997ರವರೆಗೆ ದೇಶದಲ್ಲಿ 'ವಿದ್ಯುದೀಕರಣವಾದ ಹಳ್ಳಿ' ಎಂದರೆ, ಆ ಹಳ್ಳಿಯ ಕಂದಾಯ ಎಲ್ಲೆಯೊಳಗೆ ಯಾವುದಾದರೂ ಒಂದು ಕೆಲಸಕ್ಕೆ ಕರೆಂಟು ಬಳಕೆಯಾದರೆ ಸಾಕು. ಗೌಡರ ತೋಟದಲ್ಲಿ ಒಂದು ಪಂಪು ಓಡಿದರೆ ಇಡೀ ಹಳ್ಳಿ ಬೆಳಗಿದಂತೆ. ಸರ್ಕಾರದ ನಕ್ಷೆಯಲ್ಲಿ ಬೆಳಕು, ನಮ್ಮ ಗುಡಿಸಲಲ್ಲಿ ಬುಡ್ಡಿ. 1997ರಲ್ಲಿ ಜನ ವಾಸಿಸುವ ಜಾಗಕ್ಕೆ ಕರೆಂಟು ಬಂದಿರಬೇಕು ಎಂದು ತಿದ್ದಿದರು. ಯಾವ ಜನ ವಾಸಿಸುವ ಜಾಗ ಎಂದು ಹೇಳಲಿಲ್ಲ.

2004ರಲ್ಲಿ ವ್ಯಾಖ್ಯೆ ಮತ್ತೆ ಬದಲಾಯಿತು. ಟ್ರಾನ್ಸ್‌ಫಾರ್ಮರ್ ಮತ್ತು ತಂತಿ ಊರಿಗೆ ಮಾತ್ರವಲ್ಲ, ದಲಿತರ ಕೇರಿ ಇದ್ದಲ್ಲಿ ಆ ಕೇರಿಗೂ ಬಂದಿರಬೇಕು. ಶಾಲೆ, ಪಂಚಾಯ್ತಿ, ಆಸ್ಪತ್ರೆಯಂಥ ಕಡೆ ಕರೆಂಟಿರಬೇಕು. ನೂರಕ್ಕೆ ಹತ್ತು ಮನೆಗಾದರೂ ಸಂಪರ್ಕ ಇರಬೇಕು ಎಂದಾಯಿತು. ಗೆಳೆಯರೇ, ಈ ಸಾಲನ್ನು ಎರಡು ಸಲ ಓದಿ. ಹಳ್ಳಿ ಎಂದರೆ ಅದರಲ್ಲಿ ಕೇರಿಯೂ ಸೇರುತ್ತದೆ ಎಂದು ಬರೆಯಲು ಸ್ವತಂತ್ರ ಭಾರತದ ಸರ್ಕಾರಕ್ಕೆ 57 ವರ್ಷ ಬೇಕಾಯಿತು. ಆಗಲೂ ಹತ್ತು ಮನೆ ಸಾಕಂತೆ. ಆ ಹತ್ತು ಮನೆ ಯಾವ ಬೀದಿಯವು ಎಂದು ನಾವು ಬೇರೆ ಹೇಳಬೇಕಿಲ್ಲ. 2018ರ ಏಪ್ರಿಲ್‌ನಲ್ಲಿ ದೇಶದ ಹಳ್ಳಿಗಳೆಲ್ಲ ವಿದ್ಯುದೀಕರಣವಾದವು ಎಂದು ಸಾರಿದ್ದು ಇದೇ ಅಳತೆಗೋಲಿನಿಂದ.

ನಮ್ಮ ಊರಲ್ಲಿ ಆದದ್ದನ್ನೂ ಹೇಳಿಬಿಡುತ್ತೇವೆ. ಊರಿಗೆ ಕರೆಂಟು ಬಂದು ಹದಿನಾರು ವರ್ಷದ ಮೇಲೆ ಕೇರಿಗೆ ಬಂತು. ತಡೆದದ್ದು ದುಡ್ಡಲ್ಲ. ಕೇರಿಗೆ ಕಂಬ ಬರಬೇಕಾದರೆ ಊರ ಜಮೀನುದಾರನೊಬ್ಬನ ಬದುವಿನ ಮೇಲೆ ಎರಡು ಕಂಬ ನೆಡಬೇಕಿತ್ತು. ಅವನು ಬಿಡಲಿಲ್ಲ. "ಅವರ ಮನೇಲೂ ದೀಪ ಉರಿದ್ರೆ ಬೆಳಿಗ್ಗೆ ಕೆಲಸಕ್ಕೆ ಯಾರು ಬರ್ತಾರೆ" ಎಂದನಂತೆ. ಕತ್ತಲೆಗೂ ಒಡೆಯರಿರುತ್ತಾರೆ.

ಎಪ್ಪತ್ತರ ದಶಕದ ಕೊನೆಗೆ ಭಾಗ್ಯಜ್ಯೋತಿ ಬಂತು. ಬಡವರ ಮನೆಗೊಂದು 40 ವ್ಯಾಟಿನ ಬಲ್ಬು. ಆ ಒಂದು ಬಲ್ಬಿನ ಕೆಳಗೆ ಓದಿದ ಮಕ್ಕಳು ನಮ್ಮಲ್ಲಿ ಎಷ್ಟೋ ಮಂದಿ. ಅದನ್ನು ಮರೆತರೆ ನಾವು ಕೃತಘ್ನರು. ಆದರೆ ಲೆಕ್ಕ ಕೇಳುವುದು ಕೃತಘ್ನತೆಯಲ್ಲ. ಇವತ್ತು ರಾಜ್ಯದಲ್ಲಿ 10 ಎಚ್.ಪಿ.ವರೆಗಿನ ನೀರಾವರಿ ಪಂಪಿಗೆ ವಿದ್ಯುತ್ತು ಉಚಿತ. ಸಣ್ಣ ರೈತ ಉಳಿಯಬೇಕು, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ನೆಲವೇ ಇಲ್ಲದವನಿಗೆ ಬೋರೆಲ್ಲಿ, ಪಂಪೆಲ್ಲಿ? ಸಾರ್ವಜನಿಕ ಸಂಪತ್ತು ಹಂಚಿಕೆಯಾಗುವಾಗ ನೆಲದ ಅಸಮಾನತೆಯ ಕಾಲುವೆಯಲ್ಲೇ ಹರಿಯುತ್ತದೆ. ಅತ್ತ ಲಿಂಗನಮಕ್ಕಿಯ ಅಣೆಕಟ್ಟಿಗೆ ಮನೆ ಮಠ ಮುಳುಗಿಸಿಕೊಂಡು ರಾಜ್ಯಕ್ಕೆಲ್ಲ ಬೆಳಕು ಕೊಟ್ಟ ಶರಾವತಿ ಕಣಿವೆಯ ಜನ, ತಾವು ಕೂತ ನೆಲದ ಹಕ್ಕುಪತ್ರಕ್ಕಾಗಿ ಅರವತ್ತು ವರ್ಷದ ಮೇಲೂ ಬಡಿದಾಡುತ್ತಿದ್ದಾರೆ.

4

ಇಷ್ಟೆಲ್ಲ ಹೇಳಿದ ಮೇಲೆ ಯಾರಾದರೂ ಕೇಳಬಹುದು: ನಿಮಗೆ ಕೊಡದ ಸರ್ಕಾರಿ ಮಂಡಳಿಯ ಪರವಾಗಿ ನೀವ್ಯಾಕೆ ಮಾತಾಡ್ತೀರಿ?

ನಮ್ಮ ದೊಡ್ಡಪ್ಪನ ಕತೆ ಹೇಳುತ್ತೇವೆ. ಕೇರಿಯಲ್ಲಿ ಮೊದಲು ಎಸ್.ಎಸ್.ಎಲ್.ಸಿ. ಪಾಸಾದವನು. ಮೀಸಲಾತಿಯಲ್ಲಿ ಲೈನ್‌ಮ್ಯಾನ್ ಕೆಲಸ ಸಿಕ್ಕಿತು. ಊರೊಳಗೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆದವರ ಮಗ, ಅದೇ ಊರಿನ ಕಂಬ ಹತ್ತಿದ. ಹಗಲು ಬಾಗಿಲಾಚೆ ನಿಲ್ಲಿಸುತ್ತಿದ್ದವರು ಕರೆಂಟು ಹೋದ ರಾತ್ರಿ "ಬಾರಪ್ಪ ಒಳಗೆ, ಮೀಟ್ರು ನಡುಮನೇಲಿದೆ" ಎಂದರು. ಜಾತಿ ಹೋಯಿತೇ? ಇಲ್ಲ. ಅವನು ಹೋದ ಮೇಲೆ ನಡುಮನೆ ತೊಳೆಯುತ್ತಿದ್ದರು. ಆದರೆ ತಿಂಗಳ ಒಂದನೇ ತಾರೀಕು ಬಂದ ಸಂಬಳವನ್ನು ಯಾರೂ ತೊಳೆಯಲಾಗಲಿಲ್ಲ. ಆ ಸಂಬಳದಲ್ಲಿ ನಾವು ಹಾಸ್ಟೆಲಿಗೆ ಹೋದೆವು, ಪುಸ್ತಕ ಕೊಂಡೆವು, ಪದ್ಯ ಬರೆಯಲು ಕಲಿತೆವು.

ಸರ್ಕಾರಿ ಒಡೆತನದಿಂದ ನಮಗೆ ಸಿಕ್ಕಿದ್ದು ಇದು. ಬಲ್ಬು ತಡವಾಗಿ ಬಂತು, ಆದರೆ ಕಂಬ ಹತ್ತುವ ಹಕ್ಕು ಕಾನೂನಿನಿಂದ ಬಂತು. ಸಂವಿಧಾನದ 16ನೇ ವಿಧಿಯ ಮೀಸಲಾತಿ ಸರ್ಕಾರಿ ಹುದ್ದೆಗೆ ಮಾತ್ರ. ಒಂದು ಮಂಡಳಿ ಕಂಪನಿಯ ಕೈಗೆ ಹೋದ ದಿನ ತಂತಿ ಅಲ್ಲೇ ಇರುತ್ತದೆ, ಕಂಬ ಅಲ್ಲೇ ಇರುತ್ತದೆ, ನಮ್ಮ ಹಕ್ಕು ಮಾತ್ರ ಮಾಯವಾಗುತ್ತದೆ. ಮಾರಾಟದ ಲೆಕ್ಕದಲ್ಲಿ ಈ ನಷ್ಟವನ್ನು ಯಾರೂ ಬರೆಯುವುದಿಲ್ಲ.

ಇನ್ನೊಂದು ಮಾತು. ಮಾರದೆಯೂ ಮಾರಬಹುದು. 1999ರಲ್ಲಿ ನಮ್ಮ ಮಂಡಳಿಯನ್ನು ನಿಗಮ ಮಾಡಿದರು, 2002ರಲ್ಲಿ ವಿತರಣೆಯನ್ನು ನಾಲ್ಕು ಕಂಪನಿಯಾಗಿ ಒಡೆದರು, 2005ರಲ್ಲಿ ಐದನೆಯದು ಬಂತು. ಐದೂ ಇವತ್ತಿಗೂ ಸರ್ಕಾರದವೇ. ಆದರೆ ಒಳಗೆ ಗುತ್ತಿಗೆ ನುಗ್ಗಿದೆ. ಗುತ್ತಿಗೆದಾರನ ಕೈಕೆಳಗೆ ಕಂಬ ಹತ್ತುವ ಹುಡುಗ ಸತ್ತರೆ ಅವನು ಯಾರ ನೌಕರ ಎಂಬ ವ್ಯಾಜ್ಯ ಹೆಣದ ಮುಂದೆಯೇ ಶುರುವಾಗುತ್ತದೆ.

5

ಟೆಲಿಫೋನಿನ ಕತೆಯೂ ಇದರ ದಾಯಾದಿ. 1882ರಲ್ಲಿ ಕಲ್ಕತ್ತ, ಬೊಂಬಾಯಿ, ಮದ್ರಾಸುಗಳಲ್ಲಿ ಎಕ್ಸ್‌ಚೇಂಜ್ ತೆರೆದದ್ದು ಖಾಸಗಿ ಕಂಪನಿ. ಅರವತ್ತು ವರ್ಷ ಅದು ದೊಡ್ಡ ಪಟ್ಟಣಗಳ ದೊಡ್ಡ ಮನುಷ್ಯರ ಸೊತ್ತಾಗಿತ್ತು. 1943ರಲ್ಲಿ ಸರ್ಕಾರ ಅದನ್ನು ಕೊಂಡಿತು. ಸ್ವಾತಂತ್ರ್ಯ ಬಂದ ಮೇಲೆ ಮೊದಲ ಸಾರ್ವಜನಿಕ ಉದ್ದಿಮೆಯಾಗಿ 1948ರಲ್ಲಿ ಬೆಂಗಳೂರಲ್ಲಿ ಐ.ಟಿ.ಐ. ಕಾರ್ಖಾನೆ ಎದ್ದಿತು. ಆದರೂ ಫೋನು ಹಳ್ಳಿಗೆ ಬರಲಿಲ್ಲ. ಪಟ್ಟಣದಲ್ಲೇ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಿತ್ತು.

1984ರಲ್ಲಿ ಸರ್ಕಾರ ಸಿ-ಡಾಟ್ ಸಂಸ್ಥೆ ಕಟ್ಟಿತು. ಅಲ್ಲಿನ ನಮ್ಮದೇ ಎಂಜಿನಿಯರುಗಳು ಹಳ್ಳಿಗೆಂದೇ 128 ಲೈನಿನ ಒಂದು ಸಣ್ಣ ಎಕ್ಸ್‌ಚೇಂಜ್ ಮಾಡಿದರು. ಎ.ಸಿ. ಕೋಣೆ ಬೇಡ, ಬಿಸಿಲು ದೂಳು ತಡೆಯುತ್ತದೆ. ಅದನ್ನು ಮೊದಲು ಹಾಕಿದ್ದು ಎಲ್ಲಿ ಗೊತ್ತೇ? 1986ರಲ್ಲಿ, ನಮ್ಮ ಕಿತ್ತೂರಿನಲ್ಲಿ. ಚೆನ್ನಮ್ಮನ ಕಿತ್ತೂರು. ವಿದೇಶಿ ಕಂಪನಿಗಳ ದೊಡ್ಡ ಯಂತ್ರಗಳು ನಗರಕ್ಕೆ ತಕ್ಕವು. ಹಳ್ಳಿಗೆ ತಕ್ಕ ಯಂತ್ರ ಬೇಕೆಂದು ಹಟ ಹಿಡಿದದ್ದು ಸಾರ್ವಜನಿಕ ಸಂಸ್ಥೆ. ಎಸ್.ಟಿ.ಡಿ. ಬೂತುಗಳು ಹಳ್ಳಿ ಹಳ್ಳಿಗೆ ಬಂದದ್ದರ ಹಿಂದೆ ಈ ಕೆಲಸವಿದೆ.

1994ರ ನೀತಿ ಖಾಸಗಿಯವರಿಗೆ ಬಾಗಿಲು ತೆರೆಯಿತು. ಹಳ್ಳಿಗಳಿಗೆ ಫೋನು ಹಾಕುತ್ತೇವೆಂದು ಷರತ್ತಿಗೆ ಸಹಿ ಮಾಡಿ ಲೈಸೆನ್ಸು ಪಡೆದ ಕಂಪನಿಗಳು ನಗರ ಹಿಡಿದು ಕೂತವು. ಹಳ್ಳಿಯ ಸಾರ್ವಜನಿಕ ಫೋನುಗಳ ಬಹುಪಾಲು ಸರ್ಕಾರಿ ಇಲಾಖೆಯೇ ಹಾಕಬೇಕಾಯಿತು.

ಎದುರಾಳಿಯ ಮಾತಲ್ಲಿ ಇರುವ ನಿಜವನ್ನು ನಾವು ಒಪ್ಪಬೇಕು. ಇವತ್ತು ಗಾರೆ ಕೆಲಸದ ನಮ್ಮಣ್ಣನ ಜೇಬಲ್ಲಿ ಫೋನಿದೆ. ಪೈಪೋಟಿಯಿಂದ ದರ ಇಳಿಯಿತು. ಲ್ಯಾಂಡ್‌ಲೈನಿಗೆ ವರ್ಷಗಟ್ಟಲೆ ಕಾಯಿಸಿದ ಇಲಾಖೆಯನ್ನು ಜನ ಪ್ರೀತಿಯಿಂದ ನೆನೆಯುವುದಿಲ್ಲ. ಸರಿ. ಆದರೆ ಪೈಪೋಟಿ ಎಷ್ಟು ದಿನ? ಒಂದೊಂದೇ ಕಂಪನಿ ಮುಚ್ಚಿ, ದೊಡ್ಡವು ಸಣ್ಣವನ್ನು ನುಂಗಿ, ಕೊನೆಗೆ ಮೂರು ಉಳಿದವು. 2024ರ ಜುಲೈನಲ್ಲಿ ಆ ಮೂರೂ ಒಟ್ಟಿಗೇ ದರ ಏರಿಸಿದವು. ಬಿ.ಎಸ್.ಎನ್.ಎಲ್. ಏರಿಸಲಿಲ್ಲ. ಮುಂದಿನ ತಿಂಗಳುಗಳಲ್ಲಿ ಲಕ್ಷಾಂತರ ಜನ ಅದರ ಕಡೆ ಬಂದರು. ಅಳಿದುಳಿದ ಒಂದು ಸರ್ಕಾರಿ ಅಂಗಡಿ ಇದ್ದರೂ ಬಡವನಿಗೆ ತಿರುಗಿ ನಿಲ್ಲಲು ಒಂದು ಜಾಗ ಇರುತ್ತದೆ.

ಆ ಅಂಗಡಿಯನ್ನು ಹಾಳುಗೆಡವಿದ ರೀತಿಯನ್ನೂ ನೋಡಿ. ಖಾಸಗಿ ಕಂಪನಿಗಳು 2012ರಿಂದಲೇ 4ಜಿ ಶುರುಮಾಡಿದವು. ಬಿ.ಎಸ್.ಎನ್.ಎಲ್.ಗೆ 4ಜಿ ತರಂಗಾಂತರ ಕೊಡಲು ಕೇಂದ್ರ ಸಂಪುಟ ಒಪ್ಪಿದ್ದು 2019ರ ಅಕ್ಟೋಬರ್‌ನಲ್ಲಿ. ಅದೇ ತೀರ್ಮಾನದಲ್ಲಿ ಸ್ವಯಂ ನಿವೃತ್ತಿ ಯೋಜನೆಯೂ ಇತ್ತು. 2020ರ ಜನವರಿ 31ರಂದು ಒಂದೇ ದಿನ ಸುಮಾರು 78 ಸಾವಿರ ನೌಕರರು ಮನೆಗೆ ಹೋದರು. ಕಾಲು ಕಟ್ಟಿ ಓಡಿಸಿ, ಸೋತ ಮೇಲೆ "ನೋಡಿ, ಇದಕ್ಕೆ ಓಡಲು ಬರುವುದಿಲ್ಲ" ಎಂದರು.

ಎರಡೇ ತಿಂಗಳಿಗೆ ಲಾಕ್‌ಡೌನ್ ಬಂತು. ಕಾಲೇಜು ಫೋನಿನೊಳಗೆ ಹೋಯಿತು. ನಮ್ಮೂರಲ್ಲಿ ಸಿಗ್ನಲ್ಲು ಚೆನ್ನಾಗಿ ಸಿಗುತ್ತಿದ್ದದ್ದು ಊರ ಗುಡಿಯ ಕಟ್ಟೆಯ ಮೇಲೆ. ಆ ಕಟ್ಟೆ ನಾವು ಕೂರುವ ಜಾಗವಲ್ಲ. ಊರ ಹುಡುಗರು ಕೂತು ಪಾಠ ಕೇಳಿದರು. ನಾವು ದೂರದ ಹುಣಸೆಮರದ ಕೆಳಗೆ ನಿಂತು, ತುಂಡು ತುಂಡಾಗಿ ಬಂದ ಮಾತು ಬರೆದುಕೊಂಡೆವು. ಟವರು ಕಂಪನಿಯದು, ಕಟ್ಟೆ ಜಾತಿಯದು. ಕೇರಿಗೆ ಸಿಗ್ನಲ್ಲು ತಲುಪಿಸಿ ಎಂದು ನಾವು ಯಾರನ್ನು ಕೇಳಬೇಕಿತ್ತು? ಕಂಪನಿಗೆ ನಾವು ಮತದಾರರಲ್ಲ, ಗಿರಾಕಿಗಳು. ಅದೂ ಲಾಭವಿಲ್ಲದ ಗಿರಾಕಿಗಳು. ಅದೇ ವರ್ಷ ವಿದ್ಯಾಗಮದ ಹೆಸರಲ್ಲಿ ಊರೂರಿಗೆ ನಡೆದು ಬಂದು, ಮರದ ಕೆಳಗೆ, ಜಗಲಿಯ ಮೇಲೆ ಮಕ್ಕಳನ್ನು ಕೂರಿಸಿ ಪಾಠ ಹೇಳಿದವರು ಸರ್ಕಾರಿ ಶಾಲೆಯ ಮೇಷ್ಟ್ರುಗಳೇ. ಈ ಪತ್ರಿಕೆ ಓದುವ ಮೇಷ್ಟ್ರುಗಳಿಗೆ ಅದು ಗೊತ್ತು.

6

ವಿದ್ಯುತ್ತಿಗೂ ಇದೇ ಮದ್ದು ಎನ್ನುವವರು ದೆಹಲಿಯನ್ನು ತೋರಿಸುತ್ತಾರೆ. 2002ರಲ್ಲಿ ಅಲ್ಲಿ ವಿತರಣೆ ಖಾಸಗಿಯಾಯಿತು, ಸೋರಿಕೆ ಬಹಳ ಇಳಿಯಿತು. ಅದು ನಿಜ. ಆದರೆ ಅದು ಮನೆಗೆ ಮನೆ ಅಂಟಿದ ಪಟ್ಟಣ. ಹಳ್ಳಿ ಹಾಡಿಗಳ ನಾಡಿನಲ್ಲಿ ಏನಾಯಿತು ಎಂದು ನೋಡಲು ಒಡಿಶಾಕ್ಕೆ ಹೋಗಬೇಕು. 1999ರಲ್ಲಿ ದೇಶದಲ್ಲೇ ಮೊದಲು ಅಲ್ಲಿ ವಿತರಣೆಯನ್ನು ಖಾಸಗಿಗೆ ಕೊಟ್ಟರು. ಆ ವರ್ಷದ ಅಕ್ಟೋಬರ್‌ನಲ್ಲಿ ಮಹಾ ಚಂಡಮಾರುತ ಬಂದು ಕಂಬಗಳನ್ನು ಮಲಗಿಸಿತು. ಒಂದು ಭಾಗವನ್ನು ವಹಿಸಿಕೊಂಡಿದ್ದ ಅಮೆರಿಕದ ಎ.ಇ.ಎಸ್. ಕಂಪನಿ 2001ರಲ್ಲಿ ಕೈಬಿಟ್ಟು ಹೋಯಿತು. ಉಳಿದ ಮೂರು ಭಾಗಗಳ ಲೈಸೆನ್ಸನ್ನು 2015ರಲ್ಲಿ ನಿಯಂತ್ರಣ ಆಯೋಗವೇ ರದ್ದುಮಾಡಿತು. ಆಮೇಲೆ ಮತ್ತೆ ಇನ್ನೊಂದು ಖಾಸಗಿ ಕಂಪನಿಗೆ ಕೊಟ್ಟರು. ಬಿರುಗಾಳಿ ಬಂದಾಗ ಕಂಪನಿ ಊರು ಬಿಡಬಹುದು. ಜನ ಎಲ್ಲಿಗೆ ಹೋಗುತ್ತಾರೆ?

ಆದ್ದರಿಂದ ನಮ್ಮ ನಿಲುವು ಇಷ್ಟು. ಬೆಳಕು, ನೀರು, ಮಾತು ಸಾಗಿಸುವ ತಂತಿಗಳು ಸಾರ್ವಜನಿಕ ಒಡೆತನದಲ್ಲೇ ಇರಬೇಕು. ಆದರೆ ಹಳೆಯ ಮಂಡಳಿ ಇದ್ದಂತೆಯೇ ಇರಲಿ ಎಂದು ನಾವು ಕೇಳುತ್ತಿಲ್ಲ. ಕೆಲಸ ಗುತ್ತಿಗೆಯಾಗಬಾರದು, ಮೀಸಲಾತಿ ಕಂಬದ ತುದಿಯಿಂದ ಎಂಜಿನಿಯರನ ಕುರ್ಚಿಯವರೆಗೆ ತಲುಪಬೇಕು. ಯಾವ ಬೀದಿಗೆ ಎಷ್ಟು ಟೀಸಿ, ಎಷ್ಟು ಗಂಟೆ ಕರೆಂಟು ಎಂಬ ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದಬೇಕು. ಕೇರಿಯ ಲೆಕ್ಕವನ್ನು ಊರಿನ ಲೆಕ್ಕದೊಳಗೆ ಕಲಸದೆ ಬೇರೆ ಬರೆಯಬೇಕು. 2023ರಿಂದ ಗೃಹಜ್ಯೋತಿಯಲ್ಲಿ ಮನೆಗೆ 200 ಯೂನಿಟ್‌ವರೆಗೆ ಉಚಿತವಾಗಿದೆ, ಸಂತೋಷ. ಆದರೆ ಉಚಿತ ಬೇರೆ, ಹಕ್ಕು ಬೇರೆ. ಕೊಟ್ಟದ್ದನ್ನು ಕಿತ್ತುಕೊಳ್ಳಬಹುದು, ಒಡೆತನದಲ್ಲಿ ಪಾಲಿದ್ದರೆ ಕೇಳಬಹುದು, ತಡೆಯಬಹುದು.

ಕೊನೆಯದಾಗಿ ಓದುಗರಲ್ಲಿ ಒಂದು ಕೆಲಸ ಕೇಳುತ್ತೇವೆ. ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ, ಈ ಭಾನುವಾರ ನಿಮ್ಮ ಹಳ್ಳಿಯ ಮುದುಕ ಮುದುಕಿಯರ ಹತ್ತಿರ ಕೂತು ಎರಡು ವರ್ಷಗಳನ್ನು ಕೇಳಿ ಬರೆದುಕೊಳ್ಳಿ: ಊರಿಗೆ ಕರೆಂಟು ಬಂದದ್ದು ಯಾವಾಗ, ಕೇರಿಗೆ ಬಂದದ್ದು ಯಾವಾಗ. ಕಂಬಕ್ಕೆ ಯಾರು ಅಡ್ಡ ನಿಂತರು, ಯಾರು ಓಡಾಡಿ ತಂದರು ಎಂಬುದನ್ನೂ ಬರೆಯಿರಿ. ಪತ್ರಿಕೆಗೆ ಕಳಿಸಿ. ಒಂದನ್ನು ಇನ್ನೊಂದರಿಂದ ಕಳೆದಾಗ ಉಳಿಯುವ ವರ್ಷಗಳು ಯಾವ ಸರ್ಕಾರಿ ವರದಿಯಲ್ಲೂ ಇಲ್ಲ. ನಮ್ಮೂರಿನ ಲೆಕ್ಕ ಹದಿನಾರು. ನಿಮ್ಮೂರಿನದು ಎಷ್ಟು?